ಸಾವಿರ ಪಟ್ಟು ನಗು

ಅಂದು ಸಂಜೆ ಭೂಮಂಡಲದ ಅರ್ಧ ಜನ ಊಟ ಬಿಟ್ಟು ಅಕ್ಕನ ನಾಟಕ ನೋಡಲು ಆನ್‌ಲೈನಿನಲ್ಲಿ ಕೂತಿದ್ದರು. ಉಳಿದರ್ಧ ಜನ ನೆಟ್‌ವರ್ಕ್ ಸಿಗದೆ ಕಣ್ಣೀರಿಡುತ್ತಿದ್ದರು. ಹಾಗೆಂದು ತಮ್ಮ ಹೇಳಿದ. ನಿರ್ದೇಶಕನೂ ಅವನೇ, ಕ್ಯಾಮೆರಾದವನೂ ಅವನೇ, ಅಲ್ಲಗಳೆಯಲು ಇನ್ನೊಬ್ಬರಿರಲಿಲ್ಲ.

"ಉತ್ತರ ಧ್ರುವದಿಂದಲೂ ನೋಡ್ತಿದಾರೆ ಅಕ್ಕಾ."

"ಅಲ್ಲಿರೋದು ಕರಡಿ ಅಲ್ವೇನೋ?" ಬಣ್ಣ ಹಚ್ಚಿಕೊಳ್ಳುತ್ತ ಅಕ್ಕ ಕೇಳಿದಳು.

"ಕರಡಿನೂ ನೋಡ್ಲಿ ಬಿಡು. ಬೇಡ ಅನ್ನೋಕಾಗುತ್ತಾ?"

ಖಾಲಿ ಕುರ್ಚಿಗಳಿಗೆ ನಟಿಸಿ ನಟಿಸಿ ರೋಸಿ ರಂಗ ಬಿಟ್ಟವಳು ಅವಳು. "ನಗೋರಿಲ್ಲದೆ ಇದೆಲ್ಲ ಹುಚ್ಚರ ಮಾತು ಕಣೋ" ಎಂದಿದ್ದಳು. ಇವತ್ತೂ ಹಾಗೇ ಆದರೆ ಇನ್ನೆಂದೂ ಕರೆಯಕೂಡದು ಎಂಬ ಕರಾರಿನ ಮೇಲೆ ಬಂದಿದ್ದಳು. ಅದಕ್ಕೇ ಅವನು ಸಭಾಂಗಣದ ಹಿಂದೆ ಸ್ಪೀಕರ್ ಕಟ್ಟಿದ್ದ. ಮನೆಯಲ್ಲಿ ಕೂತವರು ನಕ್ಕರೆ ಇಲ್ಲಿ ಕೇಳಿಸುತ್ತದೆ, ಇಂಥದ್ದು ಮೂರು ಲೋಕದಲ್ಲೇ ಮೊದಲು ಎಂದಿದ್ದ.

ಪರದೆ ಸರಿಯಿತು. ಎದುರಿಗೆ ಬೆರಳೆಣಿಕೆಯ ಮಂದಿ. ಒಬ್ಬರು ಆಗಲೇ ತೂಕಡಿಸುತ್ತಿದ್ದರು. ರಾಜ್ಯ ಹೋದರೂ ಗತ್ತು ಬಿಡದ ರಾಣಿಯ ಪಾತ್ರ ಅಕ್ಕನದು. ಮೊದಲ ತಮಾಷೆಗೆ ತಮ್ಮ ಕ್ಯಾಮೆರಾ ಪಕ್ಕದ ಮೇಜಿನ ಕೆಳಗಿನ ಗುಂಡಿ ಒತ್ತಿದ.

ನಗು ಭೋರ್ಗರೆಯಿತು.

ಅಕ್ಕನ ಬೆನ್ನು ನೆಟ್ಟಗಾಯಿತು. ಮಾತು ಕುಣಿಯತೊಡಗಿತು. ತೂಕಡಿಸುತ್ತಿದ್ದವರೂ ಎದ್ದು ಕೂತು ನಿಜವಾಗಿ ನಕ್ಕರು. ಇಷ್ಟು ನಗು ಇದೆ ಅಂದ ಮೇಲೆ ಎಲ್ಲೋ ಜನ ಇರಲೇಬೇಕು ಅನ್ನಿಸಿತು ಅವನಿಗೇ.

ರಾಣಿ ಸಿಂಹಾಸನದಿಂದ ಜಾರಿಬಿದ್ದಳು. ಅವನು ಎಲ್ಲಕ್ಕಿಂತ ದೊಡ್ಡ ನಗುವನ್ನು ಬಿಟ್ಟ. ನಗುವಿನ ಅಲೆ ಎದ್ದಿತು, ಅದರ ನೆತ್ತಿಯ ಮೇಲೆ ಕೊನೆಗೊಂದು ಬಿಕ್ಕಳಿಕೆಯಿದ್ದ ಸಣ್ಣ ನಗು ಕೇಳಿಸಿತು.

ಅಕ್ಕ ನೆಲದಲ್ಲೇ ಉಳಿದಳು.

"ತಮ್ಮಾ, ಅದು ನನ್ನ ನಗು."

"ನಿನ್ ಥರಾನೇ ನಗೋರು ಯಾರೋ... ಧ್ರುವದಲ್ಲಿ..."

"ಕರಡಿನಾ?"

ಅವನು ರಂಗ ಹತ್ತಿ ಬಂದ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.

"ತಾಲೀಮಲ್ಲಿ ನಾವು ನಕ್ಕಿದ್ದನ್ನ ರೆಕಾರ್ಡ್ ಮಾಡ್ಕೊಂಡಿದ್ದೆ. ನೀನು, ಮೇಕಪ್ಪಿನವನು, ನಾನು. ಅದನ್ನೇ ಸಾವಿರ ಪಟ್ಟು ಮಾಡ್ದೆ. ನಿನ್ನ ನಗು ತೆಗೀಬೇಕು ಅಂತ ಹೊಳೀಲೇ ಇಲ್ಲ."

"ನಿಜವಾಗ್ಲೂ ಎಷ್ಟು ಜನ ನೋಡ್ತಿದಾರೆ?"

"ಒಬ್ಬ."

"ಯಾರು?"

ಅವನು ಜೇಬಿನಿಂದ ಫೋನ್ ತೆಗೆದ. "ನಾನೇ."

ಅಕ್ಕ ಕೈ ಚಾಚಿ ಇಸಿದುಕೊಂಡಳು. ಫೋನಿನ ಚಿತ್ರ ರಂಗಕ್ಕಿಂತ ಒಂದೆರಡು ನಿಮಿಷ ಹಿಂದೆ ಓಡುತ್ತಿತ್ತು. ಅಲ್ಲಿ ರಾಣಿ ಇನ್ನೂ ಸಿಂಹಾಸನದ ಮೇಲಿದ್ದಳು. ಮುಖ ದೀಪದಂತೆ ಉರಿಯುತ್ತಿತ್ತು.

"ಎಷ್ಟು ಖುಷಿಯಾಗಿದಾಳೆ ನೋಡೋ ಇವಳು."

ಅವನು ಫೋನ್ ಆರಿಸಲು ಬೆರಳು ಚಾಚಿದ. ಅಕ್ಕ ಅವನ ಕೈ ತಳ್ಳಿದಳು.

"ಇರು. ಅಲ್ಲಿರೋ ನೀನು ಇನ್ನೂ ಒಪ್ಕೊಂಡಿಲ್ಲ."

ಫೋನಿನೊಳಗೆ ರಾಣಿ ಜಾರಿದಳು. ನಗು ಏಳತೊಡಗಿತು. ಇಬ್ಬರೂ ತಲೆಗೆ ತಲೆ ತಾಗಿಸಿ ಕಾದರು.