ಪುಟ್

"ಅಡುಗೆಮನೆಗೆ ಬೆಂಕಿ ಹಿಡಿದರೆ ಏನು ಮಾಡ್ತೀರಿ? ಇಂಗ್ಲಿಷಿನಲ್ಲಿ ಹೇಳಿ," ಎಂದರು ಸಂದರ್ಶನಕ್ಕೆ ಕೂತಿದ್ದ ಕನ್ನಡಕದ ಸರ್.

ಕಾಂತಿ ಸೆರಗು ಬಿಗಿಹಿಡಿದಳು. ಉಜಿರೆಯ ಈ ಹುಡುಗಿಯರ ಹಾಸ್ಟೆಲಿನಲ್ಲಿ ಹನ್ನೆರಡು ವರ್ಷ ಗಂಜಿ ಬಸಿದವಳು ಅವಳು. ಬರುವ ತಿಂಗಳಿಂದ ಅಡುಗೆ ಕಂಟ್ರಾಕ್ಟಿನವರ ಪಾಲು. ಮೇಟ್ರನ್ ಕೆಲಸ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ತನ್ನ ಊರು ಬೆಳುವಾಯಿಗೆ ಹೋಗುವುದೇ. ಅಸ್ಸಾಮಿನ, ಕೇರಳದ ಹುಡುಗಿಯರೂ ಇರುವುದರಿಂದ ಮೇಟ್ರನ್‌ಗೆ ಇಂಗ್ಲಿಷ್ ಬರಲೇಬೇಕಂತೆ.

ಅವಳ ಇಂಗ್ಲಿಷ್ ಎಂದರೆ ಒಂದೇ ಒಂದು ಕ್ರಿಯಾಪದ. ಮೂಡುಬಿದಿರೆಯಲ್ಲಿ ಡಿಗ್ರಿ ಓದುವ ಮಗಳು ಪ್ರಾಪ್ತಿ ವಾರವಿಡೀ ಫೋನಿನಲ್ಲಿ ಕಲಿಸಲು ಹೆಣಗಿ ಸೋತು, "ಅಮ್ಮಾ, ತುಳುವಿನಲ್ಲಿ 'ಹಾಕು' ಅನ್ಲಿಕ್ಕೆ ಎಲ್ಲದಕ್ಕೂ 'ಪಾಡ್' ಹೇಳ್ತೀಯಲ್ಲ? ಲೈಟ್ ಪಾಡ್, ಬೀಗ ಪಾಡ್, ಉಪ್ಪು ಪಾಡ್. ಅಲ್ಲೆಲ್ಲ 'ಪುಟ್' ಹೇಳು. ಬಾಲಕ್ಕೆ ಆನ್, ಆಫ್, ಔಟ್ ಅಂತ ಕಟ್ಟಿದರೆ ಅರ್ಥ ಬದಲಾಗ್ತದೆ," ಎಂದಿದ್ದಳು.

ಉತ್ತರಕುಮಾರನ ಪೌರುಷ ಒಲೆಯ ಮುಂದೆ ಅನ್ನುತ್ತಾರೆ. ಕಾಂತಿಯ ಅಭ್ಯಾಸವೂ ಒಲೆಯ ಮುಂದೆಯೇ, ಊಟಕ್ಕೆ ಬಂದ ಹುಡುಗಿಯರ ಕಿವಿಗೆ ಬೀಳುವಂತೆ ನಡೆದಿತ್ತು. ಆ ತಿಂಗಳು ಸಾಂಬಾರಿಗೆ ಎರಡೆರಡು ಸಲ ಉಪ್ಪು ಬಿದ್ದದ್ದೂ ಉಂಟು.

"ಐ ಪುಟ್ ಆಫ್ ಗ್ಯಾಸ್," ಎಂದಳು. "ಐ ಪುಟ್ ಔಟ್ ಗರ್ಲ್ಸ್. ಐ ಪುಟ್ ಔಟ್ ಫಯರ್. ದೆನ್ ಐ ಪುಟ್ ಫೋನ್ ಟು ಸರ್."

ಸರ್ ನಕ್ಕೇಬಿಟ್ಟರು. "ಪುಟ್ ಔಟ್ ಅಂದ್ರೆ ನಂದಿಸುದು. ಹುಡುಗಿಯರನ್ನೂ ನಂದಿಸ್ತೀರಾ? ಮತ್ತೆ ಫೋನ್ ಪುಟ್ ಮಾಡುದಲ್ಲ ಮಾರಾಯ್ತಿ, ಕಾಲ್ ಮಾಡುದು."

ಕಾಂತಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮರುಕ್ಷಣ ಸಿಟ್ಟೂ ಬಂತು.

"ಬೆಂಕಿಯನ್ನು ನಂದಿಸುದು, ಮಕ್ಕಳನ್ನು ಹೊರಗೆ ಹಾಕುದು. ಶಬ್ದ ಒಂದೇ ಸರ್. ಮೊದಲು ಗ್ಯಾಸ್, ಮತ್ತೆ ಮಕ್ಕಳು, ಮತ್ತೆ ಬೆಂಕಿ, ಕೊನೆಗೆ ನೀವು. ಇಂಗ್ಲಿಷ್ ತಪ್ಪಿರಬಹುದು. ಕೆಲಸ ತಪ್ಪಿದ್ದು ಎಲ್ಲಿ, ಹೇಳಿ."

ಸರ್ ಪಕ್ಕದಲ್ಲಿ ಕೂತಿದ್ದ ಪ್ರಿನ್ಸಿಪಾಲ್ ಮೇಡಂ ಮುಂದಿದ್ದ ಹೆಸರಿನ ಪಟ್ಟಿಯ ಮೇಲೆ ಬೆರಳಿಟ್ಟರು. "ಇವರಿಗಿಂತ ಮೊದಲು ಬಂದ ಮೂವರೂ ಚಂದದ ಇಂಗ್ಲಿಷಿನಲ್ಲಿ, ಮೊದಲು ನಿಮಗೆ ಕಾಲ್ ಮಾಡ್ತೇವೆ ಅಂದ್ರು ಸರ್," ಎಂದರು. "ಗ್ಯಾಸ್ ಒಬ್ಬರಿಗೂ ನೆನಪಾಗಲಿಲ್ಲ."

ಸರ್ ಕನ್ನಡಕ ತೆಗೆದು ಒರೆಸತೊಡಗಿದರು. ಕೊನೆಯ ಪ್ರಶ್ನೆ ಕೇಳುವಾಗ ದನಿ ತಗ್ಗಿತ್ತು. "ಹುಡುಗಿಯರ ಮನೆಯವರು ಬಂದು ಬೈದರೆ?"

"ಐ ಪುಟ್ ಅಪ್ ವಿದ್," ಎಂದಳು ಕಾಂತಿ. "ತಾಳಿಕೊಳ್ತೇನೆ. ಈಗ ನೋಡಿದಿರಲ್ಲ."

ಈ ಸಲ ನಕ್ಕದ್ದು ಮೇಡಂ. ಕಾಂತಿಗೆ ಗೆದ್ದೆ ಎಂದು ಗೊತ್ತಾದದ್ದು ಆ ನಗುವಿನಲ್ಲೇ.

ಒಂದನೇ ತಾರೀಕಿನ ಬೆಳಿಗ್ಗೆ ಬೀಗದಕೈಗಳ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಟ್ರನ್ ಕಾಂತಿ ಮೇಲಿನ ಮಹಡಿಗೆ ಹತ್ತಿದಳು. ಇಂಗ್ಲಿಷ್ ಎಂ.ಎ. ಓದುವ ಅಸ್ಸಾಮಿನ ಹುಡುಗಿ ಬಚ್ಚಲಿನ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದಳು.

"ಆಂಟೀ, ಪ್ಲೀಸ್ ಪುಟ್ ಗೀಸರ್."

ಕಾಂತಿ ಸ್ವಿಚ್ ಒತ್ತಿದಳು. ಗೀಸರಿನ ಕೆಂಪು ದೀಪ ಹತ್ತಿತು.