ಜಗಲಿಯ ಮೇಲಿನ ಹಸಿರು ದೀಪ

ಆ ತಾಯಿತವನ್ನು ಕಂಡರೆ ಕಳಕವ್ವನಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ಟೈ ಕಟ್ಟಿಕೊಂಡವನೊಬ್ಬನ ಮಾತಿಗೆ ಮರುಳಾಗಿ ಗಂಡ ಈಶಪ್ಪ ತಂದ ಜೋಡಿ ಅದು. ಒಂದು, ಸವಡಿ ಊರಿನ ಈ ಮನೆಯ ದೇವರ ಜಗಲಿ ಮೇಲೆ, ಇನ್ನೊಂದು ನರಗುಂದದಲ್ಲಿ ಬಸುರಿ ಮಗಳು ಶ್ವೇತಾಳ ಕೊರಳಲ್ಲಿ. ಕ್ವಾಂಟಮ್ ಅಂತೆ! ಹುಟ್ಟುತ್ತಲೇ ಜೋಡಿಯಾದ ಕಣಗಳಂತೆ. ಅಲ್ಲಿ ಮಗಳಿಗೆ ಏನಾದರೂ ಆದರೆ ಇಲ್ಲಿನ ತಾಯಿತದೊಳಗೆ ಉರಿಯುವ ಹಸಿರು ದೀಪ ಆ ಕ್ಷಣಕ್ಕೇ ಕೆಂಪಾಗುತ್ತದಂತೆ. ಈಶಪ್ಪ ಅದಕ್ಕೂ ದಿನಾ ವಿಭೂತಿ ಹಚ್ಚುತ್ತಿದ್ದ.

ರೋಣದ ಕಾಲೇಜಿನಲ್ಲಿ ವಿಜ್ಞಾನ ಓದುವ ಪಕ್ಕದ ಮನೆಯ ಮಾಲಾ ನಕ್ಕಿದ್ದಳು. "ಜೋಡಿ ಕಣ ಇರೂದು ಖರೇನ ಐತ್ರಿ ಕಾಕಾ. ಆದ್ರ ಅದರಿಂದ ಸುದ್ದಿ ಕಳಸಾಕ ಬರೂದಿಲ್ಲ."

"ನಿನ್ನೆ ಮೊನ್ನೆ ಸಾಲಿ ಕಲ್ತಾಕಿ, ನನಗ ಹೇಳಾಕ ಬಂದಿ!" ಎಂದಿದ್ದ ಈಶಪ್ಪ.

ಈಚೆಗೆ ಫೋನು ಮಾಡಿದರೆ ಬೀಗಿತ್ತಿಯೇ ಎತ್ತುತ್ತಿದ್ದಳು. ಶ್ವೇತಾ ಮಲಗಿದ್ದಾಳೆ, ಇಲ್ಲವೇ ಜಳಕಕ್ಕೆ ಹೋಗಿದ್ದಾಳೆ. ಬಸುರಿ ಹೆಂಗಸು ಹೊತ್ತು ಹೊತ್ತಿಗೂ ಜಳಕ ಮಾಡುತ್ತಾಳೆಯೇ? ಕಳಕವ್ವನಿಗೆ ಅನ್ನ ಸೇರದಾಯಿತು. ಹೋಗಿ ನೋಡೋಣವೆಂದರೆ ಈಶಪ್ಪ ಜಗಲಿಯತ್ತ ಕೈ ತೋರಿಸುತ್ತಿದ್ದ. "ದೀಪ ಹಸಿರ ಐತಿ. ಕರೀದ ಬೀಗರ ಮನಿಗಿ ಹೋಗಿ ಮರ್ಯಾದಿ ಕಳೀಬ್ಯಾಡ."

ಅವನು ಹೊಲಕ್ಕೆ ಹೋದದ್ದೇ ತಡ, ಕಳಕವ್ವ ಈಳಿಗೆಯ ತುದಿಯಿಂದ ತಾಯಿತದ ಮುಚ್ಚಳ ಎಬ್ಬಿಸಿದಳು. ಒಳಗೆ ಕೈಗಡಿಯಾರದ ಸೆಲ್ಲು, ಒಂದು ಹಸಿರು ಬಲ್ಬು. ಕೆಂಪು ಬಲ್ಬೇ ಇರಲಿಲ್ಲ.

ಕಳ್ಳ ಕುಬಸಕ್ಕೆ ಯಾರ ಕರೆಯೂ ಬೇಕಿಲ್ಲ. ಊರಿಗೆ ಹೇಳದೆ ಬಸುರಿಗೆ ಮೊದಲ ಕುಬಸ ತೊಡಿಸಲು ಬಂದ ತಾಯಿಗೆ ಯಾವ ಬೀಗಿತ್ತಿಯೂ ಬಾಗಿಲು ಹಾಕುವಂತಿಲ್ಲ. ಹಸಿರು ಖಣ, ರೊಟ್ಟಿ ಬುತ್ತಿ ಕಟ್ಟಿಕೊಂಡು ಕಳಕವ್ವ ಬಸ್ಸು ಹತ್ತಿದಳು.

ನರಗುಂದದ ಆ ಮನೆಯಲ್ಲಿ ಶ್ವೇತಾ ಹಿತ್ತಲ ಖೋಲಿಯಲ್ಲಿ ಚಾಪೆಯ ಮೇಲೆ ಬಿದ್ದಿದ್ದಳು. ಮೈ ಕೆಂಡ, ತುಟಿ ಒಣಗಿ ಬಿರಿದಿತ್ತು.

"ದವಾಖಾನಿಗಿ ತೋರ್ಸೀರೇನ್ರಿ?"

"ಬಸರಿಗೋಳಿಗಿ ಇದೆಲ್ಲಾ ಇರೂದರಿ," ಎಂದು ಬೀಗಿತ್ತಿ ಮುಖ ತಿರುವಿದಳು.

ಕಳಕವ್ವ ಮಗಳನ್ನು ತಬ್ಬಿ ಎಬ್ಬಿಸಿ, ಆಟೋ ಹತ್ತಿಸಿದಳು. ದಾರಿಯಲ್ಲಿ ತಡೆಯಲಾಗದೆ ಕೇಳಿದಳು, "ಯಾರ ಕೈಲೆರ ಒಂದ ಮಾತ ಹೇಳಿ ಕಳಸಬಾರದಾಗಿತ್ತೇನವ್ವಾ?"

"ದಿನಾ ತಾಯಿತ ಹಿಡ್ಕೊಂಡು ಅಳ್ತಿದ್ನಿ," ಎಂದಳು ಶ್ವೇತಾ. "ಅಲ್ಲಿ ಕೆಂಪಾಗಿ ನಿಮಗೆಲ್ಲಾ ಗೊತ್ತಾಗಿರತೈತಿ ಅಂದ್ಕೊಂಡಿದ್ನಿ."

ತಾಯಿಯ ಮುಖ ನೋಡದೆಯೇ ಕೇಳಿದಳು. "ಗೊತ್ತಿದ್ದೂ ಯಾಕ ಬರ್ಲಿಲ್ಲವ್ವಾ?"