ಬೀಗರು ಒಲೆ ನೋಡಲು ಬಂದದ್ದು

ಗಂಡಿನ ಕಡೆಯವರು ಹೆಣ್ಣು ನೋಡಲು ಬರುವುದು ಎಲ್ಲ ಊರಲ್ಲೂ ಇದ್ದದ್ದೇ. ಹೆಣ್ಣಿನ ಕಡೆಯವರು ಒಲೆ ನೋಡಲು ಬಂದದ್ದು ಮಾತ್ರ ನಮ್ಮ ಕುಪ್ಪಗಡ್ಡೆಯಲ್ಲಿ, ಅದೂ ನನ್ನ ತಮ್ಮ ತೋಟಪ್ಪನ ಮನೆಗೆ. ಅವನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಅಲ್ಲಿ ಒಗ್ಗರಣೆ ಹಾಕಿದರೆ ಇಲ್ಲಿ ನಾನು ಸೀನುತ್ತೇನೆ. ಹಾಗಾಗಿ ಈ ಕತೆಯಲ್ಲಿ ನಾನು ಕಾಣದ್ದು ಏನೂ ಇಲ್ಲ.

ತೋಟಪ್ಪನ ಮಗ ಸಿದ್ಧಲಿಂಗೇಶನಿಗೆ ಶಿಕಾರಿಪುರದ ವೀರಬಸಪ್ಪನವರ ಮಗಳು ಗಂಗಾಶ್ರೀಯನ್ನು ತಂದುಕೊಂಡಿದ್ದೆವು. ಒಳ್ಳೆಯ ಹುಡುಗಿ. ಆದರೆ ನಮ್ಮ ಅಡುಗೆಮನೆಯ ಸೌದೆ ಹೊಗೆಗೆ ಅವಳಿಗೆ ಉಬ್ಬಸ ಶುರುವಾಯಿತು. ರೊಟ್ಟಿ ಬಡಿಯುತ್ತ ಬಡಿಯುತ್ತ ಗೋಡೆ ಹಿಡಿದು ನಿಂತುಬಿಡೋಳು. ಡಾಕ್ಟರು ಹೊಗೆಯ ಹತ್ತಿರ ಸುಳಿಯಬೇಡ ಅಂದರು. ಅಷ್ಟರಲ್ಲಿ ಬಸುರಿಯಾದಳು, ತವರಿಗೆ ಹೋದಳು, ಗಂಡು ಮಗು ಹುಟ್ಟಿತು. ಬಾಣಂತನ ಮುಗಿಯಿತು. ಮಗಳನ್ನು ಕಳಿಸುವ ಮಾತೇ ಇಲ್ಲ. ತೋಟಪ್ಪ ಕರೆಯಲು ಹೋದರೆ ವೀರಬಸಪ್ಪನವರು ಹೋಳಿಗೆ ಊಟ ಹಾಕಿ, ಎಲೆ ಅಡಿಕೆ ಕೊಟ್ಟು, ನಗುತ್ತಲೇ ಹೇಳಿದರಂತೆ:

"ಬೀಗ್ರೇ, ನಿಮ್ಮನ್ಯಾಗಿನ ಹೊಗಿ ಮೊದ್ಲು ಹೊರಗ ಕಳಸ್ರಿ. ಆಮ್ಯಾಲೆ ನಾ ಕೂಸಿನ್ನ ಒಳಗ ಕಳಸ್ತೀನಿ."

ಗ್ಯಾಸಿಗೆ ಹೆಸರು ಬರೆಸಿ ಎಷ್ಟೋ ಕಾಲವಾಗಿತ್ತು. ಆ ವರ್ಷಗಳಲ್ಲಿ ಗ್ಯಾಸ್ ಸಿಗುವುದೆಂದರೆ ಮಳೆಗಾಲದಲ್ಲಿ ಒಣಸೌದೆ ಸಿಕ್ಕ ಹಾಗೆ. ಮೊಮ್ಮಗನನ್ನು ಎತ್ತಿಕೊಂಡು ಊರೆಲ್ಲ ಸುತ್ತಬೇಕೆಂದು ಹೊಸ ಶಲ್ಯ ತೆಗೆದಿಟ್ಟುಕೊಂಡಿದ್ದ ತೋಟಪ್ಪ ಗ್ಯಾಸ್ ಬರುವ ತನಕ ಕಾಯುವವನಲ್ಲ. ಆನವಟ್ಟಿಯಲ್ಲಿ ವೆಲ್ಡಿಂಗ್ ಮಾಡುವ ಚಿಕ್ಕಬೀರಪ್ಪನ ಹತ್ತಿರ ಹೋಗಿ ಉಮಿ ಒಲೆ ಮಾಡಿಸಿಕೊಂಡು ಬಂದ.

ಉಮಿ ಒಲೆ ಅಂದರೆ ಕಬ್ಬಿಣದ ಒಂದು ಡ್ರಮ್ಮು, ಅದರ ಪಕ್ಕಕ್ಕೆ ದೊಡ್ಡ ಲಾಳಿಕೆ. ಲಾಳಿಕೆಗೆ ಭತ್ತದ ಉಮಿ ತುಂಬಿಟ್ಟರೆ ಅದು ಉರಿದಷ್ಟೂ ತಾನೇ ಕೆಳಗೆ ಜಾರುತ್ತದೆ. ಬುಡದಲ್ಲಿ ಸುತ್ತ ಹೆಬ್ಬೆಟ್ಟು ಹೋಗುವಷ್ಟು ಕಿಂಡಿಗಳು. ಹಿಂದೆ ಹೊಗೆ ಹೋಗಲು ಪೈಪು. ಊದುವುದು ಬೇಡ, ಸೌದೆ ತಳ್ಳುವುದು ಬೇಡ, ಆಗಾಗ ಸರಳಿನಿಂದ ತಟ್ಟಿ ಬೂದಿ ಉದುರಿಸಿದರೆ ಆಯಿತು.

ತೋಟಪ್ಪನ ಹೆಂಡತಿ ರಾಜೇಶ್ವರಮ್ಮ ಒಲೆಯನ್ನು ಒಂದು ಸುತ್ತು ಹಾಕಿ ನೋಡಿದಳು.

"ಬರೀ ಕಬ್ಬಿಣ. ಮೈಮೇಲೆ ಬಟ್ಟೆ ಇಲ್ಲದಂಗೆ ನಿಂತಿದೆ. ಇದರ ಮೇಲೆ ಎಡೆ ಅನ್ನ ಮಾಡೋದು ಹೆಂಗೆ?"

"ಅದಕ್ಕೇನು ಸೀರೆ ಉಡಿಸ್ತೀಯಾ?" ಅಂದ ತೋಟಪ್ಪ.

ಉಡಿಸಿಯೇ ಬಿಟ್ಟಳು. ಹುತ್ತದ ಮಣ್ಣಿಗೆ ಉಮಿ ಕಲಸಿ ಡ್ರಮ್ಮಿಗೆ ಮೆತ್ತಿದಳು. ಕಿಂಡಿಗಳನ್ನು ಜಾಣತನದಿಂದ ಬಿಟ್ಟೇ ಮೆತ್ತಿದಳು, ಅದನ್ನು ಹೇಳಲೇಬೇಕು. ಮೇಲೆ ಸಗಣಿ ಕೆಮ್ಮಣ್ಣು ಸಾರಿಸಿ, ರಂಗೋಲಿ ಎಳೆದು, ವಿಭೂತಿ ಕುಂಕುಮ ಇಟ್ಟು ಒಂದು ದಾಸವಾಳ ಸಿಗಿಸಿದಳು. ದಿನಾ ಬೆಳಿಗ್ಗೆ ಒಲೆ ಸಾರಿಸದೆ ಬೆಂಕಿ ಹಚ್ಚಿದರೆ ಆ ಅನ್ನ ಶಿವನಿಗೆ ಸೇರುವುದಿಲ್ಲ ಎಂದು ಅವಳ ಅತ್ತೆ, ಅಂದರೆ ನಮ್ಮವ್ವ, ಹೇಳಿಕೊಟ್ಟಿದ್ದು. ಅದನ್ನು ಒಂದು ದಿನವೂ ತಪ್ಪಿಸಿದವಳಲ್ಲ.

ಮೊದಮೊದಲು ಒಲೆ ಬಂಗಾರದಂತೆ ಉರಿಯಿತು. ನೀಲಿ ಉರಿ, ಕಣ್ಣಲ್ಲಿ ನೀರಿಲ್ಲ. ತೋಟಪ್ಪ ಬಂದಳಿಕೆಯಿಂದ ಆನವಟ್ಟಿಯವರೆಗೆ ಸಿಕ್ಕವರಿಗೆಲ್ಲ ಒಲೆಯ ಗುಣಗಾನ ಮಾಡಿದ. ಬಸ್ಸಿನಲ್ಲಿ ಪಕ್ಕ ಕೂತವರು ಇಳಿಯಬೇಕಾದ ಸ್ಟಾಪಿಗಿಂತ ಮೊದಲೇ ಇಳಿದು ಹೋಗುತ್ತಿದ್ದರು.

ಆಮೇಲೆ ಸಣ್ಣಗೆ ಹೊಗೆ ಬಂತು. ಬರಬರುತ್ತ ದಪ್ಪವಾಯಿತು. ಒಂದು ದಿನ ರಾಜೇಶ್ವರಮ್ಮ "ಅಕ್ಕಾ!" ಎಂದು ಕೂಗಿದ್ದಕ್ಕೆ ನಾನು ಓಡಿಹೋದರೆ, ಬೆಂಕಿ ಇರಬೇಕಾದ ಜಾಗ ಬಿಟ್ಟು ಹಿಂದಕ್ಕೆ ಹತ್ತಿ ಲಾಳಿಕೆಯೊಳಗಿನ ಉಮಿಗೇ ಹಿಡಿದಿದೆ! ಪಾತ್ರೆಯ ಕೆಳಗೆ ಬರೀ ಹೊಗೆ, ಲಾಳಿಕೆಯ ಬಾಯಲ್ಲಿ ಉರಿ. ಕೊಡದ ನೀರು ಸುರಿದು ಆರಿಸಿದೆವು. ತೋಟಪ್ಪನ ಹುಬ್ಬು ಅರ್ಧ ಸುಟ್ಟಿತ್ತು.

"ನಿನ್ನ ಒಲೆಗೆ ಬುದ್ಧಿ ತಿರುಗಿದೆ ಕಣೋ," ಅಂದೆ. "ಬಡಿಸಿದ್ದು ಬಿಟ್ಟು ಬುತ್ತಿ ಗಂಟಿಗೇ ಬಾಯಿ ಹಾಕಿದೆ."

"ಉಮಿ ಹಸಿ ಇರ್ಬೇಕು ಅಕ್ಕ," ಅಂದ.

ಉಮಿಯನ್ನು ಅಂಗಳದಲ್ಲಿ ಹಪ್ಪಳದಂತೆ ಹರವಿ ಒಣಗಿಸಿದ. ಗಾಳಿ ಬಂದು ಅರ್ಧ ನನ್ನ ಮನೆಯೊಳಗೆ ಬಂತು. ಹೊಗೆ ಮಾತ್ರ ಹೋಗಲಿಲ್ಲ. ಬೂದಿ ಕಟ್ಟಿಕೊಂಡಿದೆ ಎಂದು ಒಲೆಯೊಳಗಿನ ಜಾಲರಿ ತಟ್ಟಿ ತಟ್ಟಿ ಸರಳು ಬಗ್ಗಿಸಿದ. ಲಾಳಿಕೆಯ ಮುಚ್ಚಳ ಸಡಿಲವೆಂದು ಒದ್ದೆ ಗೋಣಿ ಹೊದಿಸಿದ. ಆ ಕ್ಷಣಕ್ಕೆ ಬೆಂಕಿ ತಗ್ಗಿದರೂ, ಗೋಣಿ ಒಣಗಿದ ಕೂಡಲೇ ಮತ್ತೆ ಹತ್ತಿತು. ಕೊನೆಗೆ ಪೈಪು ಗಿಡ್ಡ ಎನಿಸಿತು. ತುಂಡು ಜೋಡಿಸಿ ಜೋಡಿಸಿ ಹಂಚಿನ ಮೇಲೆ ಅದು ಮಿಲ್ಲಿನ ಚಿಮಣಿಯಂತೆ ಎದ್ದು ನಿಂತಿತು. ಎದುರುಮನೆ ದ್ಯಾಮಮ್ಮ, "ಏನ್ ತೋಟಪ್ಪನೋರೆ, ಸಕ್ಕರೆ ಫ್ಯಾಕ್ಟರಿ ಹಾಕ್ತಿದೀರಾ?" ಎಂದು ಕೇಳಿ ಹೋದಳು.

ಇತ್ತ ರಾಜೇಶ್ವರಮ್ಮ ತನ್ನ ಕೈಲಾದದ್ದು ಮಾಡಿದಳು. ಹೊಗೆಗೆ ಒಲೆ ಕಪ್ಪಾದಷ್ಟೂ ಅವಳು ಸಾರಿಸಿದಳು. ಬೆಳಿಗ್ಗೆ ಒಂದು ಸಲ ಇದ್ದದ್ದು ಸಂಜೆಗೂ ಒಂದಾಯಿತು. ಯಾರದ್ದೋ ದೃಷ್ಟಿ ಎಂದು ಮೆಣಸಿನಕಾಯಿ ನಿವಾಳಿಸಿ ಆ ಒಲೆಗೇ ಹಾಕಿದಳು. ಅವತ್ತು ಬೀದಿಯೆಲ್ಲ ಕೆಮ್ಮಿತು.

ಚಿಕ್ಕಬೀರಪ್ಪನನ್ನು ಕರೆಸಿದರು. ಬರುವನೆಂದು ಗೊತ್ತಾದದ್ದೇ ರಾಜೇಶ್ವರಮ್ಮ ಒಲೆಯನ್ನು ಇನ್ನಷ್ಟು ದಪ್ಪಗೆ ಸಾರಿಸಿ, ಹೊಸ ರಂಗೋಲಿ ಇಟ್ಟು, ಹೂವೇರಿಸಿದ್ದಳು. ಅವನು ಸುತ್ತಿಗೆ ಹಿಡಿದು ಬಂದವನು ಒಲೆ ಕಂಡು ಚಪ್ಪಲಿ ಬಿಟ್ಟು ಕೈಮುಗಿದ.

"ಇದು ನಾನು ಮಾಡಿದ್ದೇ ಏನ್ರೀ? ಪೂಜೆ ಆದ ಒಲೆ ಮೇಲೆ ಸುತ್ತಿಗೆ ಹೆಂಗ್ರೀ ಇಡ್ಲಿ?" ಬಾಗಿಲಲ್ಲೇ ನಿಂತು ಕೇಳಿದ, "ಕೆಳಗಿಂದ ಗಾಳಿ ಹೋಗ್ತಿದೆ ತಾನೇ?"

"ಹೋಗದೆ ಏನಪ್ಪಾ? ಹಿತ್ತಲ ಬಾಗಿಲು ತೆಗೆದೇ ಇರುತ್ತೆ," ಅಂದ ತೋಟಪ್ಪ.

ಬಗ್ಗಿ ನೋಡಲಿಲ್ಲ. ತೋಟಪ್ಪ ಬಗ್ಗುವವನಲ್ಲ. ಅವನಿಗೆ ಮಂಡಿಯಲ್ಲೂ ಆಗದು, ಮನಸ್ಸಲ್ಲೂ ಆಗದು. ಚಿಕ್ಕಬೀರಪ್ಪ ಕಾಫಿ ಕುಡಿದು, "ಹಂಗಾದ್ರೆ ಪೈಪಿಗೇ ಇನ್ನೊಂದು ತುಂಡು ಹಾಕಿ ನೋಡಿ," ಎಂದು ಹೋದ.

ಅಷ್ಟರಲ್ಲಿ ಶಿಕಾರಿಪುರದಿಂದ ಬಸ್ಸಿನ ಕಂಡಕ್ಟರ್ ಕೈಲಿ ಸುದ್ದಿ ಬಂತು. ಬರುವ ಸೋಮವಾರ ವೀರಬಸಪ್ಪನವರು ಮಗಳು ಕೂಸಿನ ಸಮೇತ ಬರುತ್ತಾರೆ. ಒಲೆ ಹಚ್ಚಿ ತೋರಿಸಬೇಕು. ಹೊಗೆ ಇಲ್ಲದಿದ್ದರೆ ತಾಯಿ ಮಗು ಇಲ್ಲೇ. ಇದ್ದರೆ ಬಂದ ಬಸ್ಸಲ್ಲೇ ಮೂವರೂ ವಾಪಸ್ಸು, ಗ್ಯಾಸ್ ಬಂದ ಮೇಲೆಯೇ ಮುಂದಿನ ಮಾತು.

ಸಿದ್ಧಲಿಂಗೇಶ ಸುದ್ದಿ ಕೇಳಿ ಊಟ ಬಿಟ್ಟೆದ್ದ. ತೋಟಪ್ಪನಿಗೆ ದಿಕ್ಕು ತೋಚದೆ ಸಿಟ್ಟು ಬಂತು. ಸಿಟ್ಟು ಬಂದಾಗ ಗಂಡಸರು ಎಲ್ಲಿ ನೋಡುತ್ತಾರೋ ಅಲ್ಲೇ ನೋಡಿದ.

"ಒಲೆ ಸರಿಯಾಗೇ ಇದೆ. ನಿನ್ನ ಕೈಗುಣ ಸರಿಯಿಲ್ಲ."

ರಾಜೇಶ್ವರಮ್ಮ ಕೈಲಿದ್ದ ಸಗಣಿ ಬುಟ್ಟಿಯನ್ನು ನಿಧಾನಕ್ಕೆ ಕೆಳಗಿಟ್ಟಳು. "ನನ್ನ ಕೈಗುಣವಾ? ಸರಿ. ಇನ್ನು ಮೇಲೆ ಈ ಒಲೆ ನಾನು ಮುಟ್ಟಲ್ಲ. ಹಚ್ಚೋದೂ ಇಲ್ಲ, ಸಾರಿಸೋದೂ ಇಲ್ಲ. ನಿಮ್ಮ ಒಲೆ, ನಿಮ್ಮ ಪೈಪು, ನೀವೇ ಬೇಯಿಸ್ಕೊಂಡು ತಿನ್ನಿ."

ಅಂದವಳು ಸೀದಾ ನನ್ನ ಅಡುಗೆಮನೆಗೆ ಬಂದು ಅಕ್ಕಿ ಆರಿಸಲು ಕೂತಳು. ಎಡೆ ಅನ್ನವೂ ನನ್ನ ಒಲೆಯಲ್ಲೇ ಆಯಿತು. ತೋಟಪ್ಪನಿಗೂ ಹಟ. ತಾನೇ ಉಮಿ ಒಲೆ ಹಚ್ಚಿ ಹೊತ್ತು ಹೊತ್ತಿಗೆ ಉಪ್ಪಿಟ್ಟು ಕೆದಕಿದ. ಅಪ್ಪ ಮಗ ಬೆಳಿಗ್ಗೆಯೂ ಉಪ್ಪಿಟ್ಟು, ಮಧ್ಯಾಹ್ನವೂ ಉಪ್ಪಿಟ್ಟು ತಿಂದರು.

ಆದರೆ ಒಂದು ಆಶ್ಚರ್ಯವಾಯಿತು. ದಿನದಿಂದ ದಿನಕ್ಕೆ ಹೊಗೆ ಕಮ್ಮಿಯಾಗುತ್ತ ಬಂತು. ಭಾನುವಾರ ತೋಟಪ್ಪ ಗೋಡೆಯಾಚೆಯಿಂದ ಕೂಗಿದ, "ಅಕ್ಕಾ, ಬಾ ಇಲ್ಲಿ! ಪೈಪು ಕೆಲಸ ಮಾಡ್ತು!" ಹೋಗಿ ನೋಡಿದರೆ ನಿಜ. ನೀಲಿ ಉರಿ, ಕಣ್ಣಿಗೆ ತಂಪು. ಲಾಳಿಕೆ ಮುಟ್ಟಿದರೆ ಅದೂ ತಣ್ಣಗಿದೆ.

"ಯಾರಿಗೆ ಕೈಗುಣ ಇದೆ ಅಂತ ನಿನ್ನ ರಾಜಿಗೆ ಹೇಳು," ಅಂದ, ಗೋಡೆಯಾಚೆ ಕೇಳುವಷ್ಟು ಗಟ್ಟಿಯಾಗಿ.

ಗೋಡೆಯಾಚೆ ಪಾತ್ರೆ ದಡಾರನೆ ಬಿತ್ತು.

ಸೋಮವಾರ ಬೆಳಿಗ್ಗೆ ನಾನು ಹೂ ಕೊಯ್ದುಕೊಂಡು ಅವರ ಮನೆಗೆ ಹೋದೆ. ರಾಜೇಶ್ವರಮ್ಮ ಒಲೆಯ ಮುಂದೆ ಕೂತಿದ್ದಾಳೆ, ಮೊಣಕೈತನಕ ಸಗಣಿ ಕೆಮ್ಮಣ್ಣು.

"ಮುಟ್ಟಲ್ಲ ಅಂದಿದ್ದೆ?"

"ಬೀಗರು ಬರ್ತಾರಲ್ಲಕ್ಕಾ. ಒಲೆ ಹೆಂಗೆ ಬಿರುಕು ಬಿಟ್ಟು ನಿಂತಿದೆ ನೋಡಿ. ಈ ಮನೇಲಿ ಹೆಂಗಸರೇ ಇಲ್ವಾ ಅಂದ್ಕೊಳಲ್ವಾ ಅವರು?"

ಸುತ್ತಲೂ ಸಾರಿಸಿ ಮುಗಿಸಿ, ಕೊನೆಯ ಒಂದು ಮೂಲೆಗೆ ಬಂದಿದ್ದಳು. ಅದೇ ಹೊತ್ತಿಗೆ ತೋಟಪ್ಪ ಬಿಳಿ ಪಂಚೆ ಉಟ್ಟು ಬಂದು, ಬೀಗರು ಬರುವ ಮುಂಚೆ ಒಮ್ಮೆ ನೋಡಿಬಿಡೋಣ ಎಂದು ಬೆಂಕಿ ಹಚ್ಚಿದ. ಭಗ್ಗನೆ ಹೊಗೆ ಎದ್ದಿತು. ಅವನು ಗೂಟದಲ್ಲಿ ನೇತುಹಾಕಿದ್ದ ಹೊಸ ಶಲ್ಯವನ್ನು ಒಮ್ಮೆ ನೋಡಿ, ಹೊರಗೆ ಹೋಗಿ ಜಗಲಿಯ ಮೇಲೆ ಕೂತುಬಿಟ್ಟ. ಅವನನ್ನು ಹಾಗೆ ನಾನು ಕಂಡದ್ದೇ ಇಲ್ಲ. ಹಂಗಿಸಲೂ ಮನಸ್ಸು ಬರಲಿಲ್ಲ.

ನೆಲದ ಮೇಲೆ ಒಣಗಿದ ಮಣ್ಣಿನ ಹೆಕ್ಕಳೆಗಳು ಬಿದ್ದಿದ್ದವು, ಕಾದ ಒಲೆಯಿಂದ ಕಳಚಿ ಉದುರಿದವು. ಒಂದನ್ನು ಎತ್ತಿಕೊಂಡೆ. ದೋಸೆಯ ಮೇಲೆ ದೋಸೆ ಇಟ್ಟಂತೆ ಪದರದ ಮೇಲೆ ಪದರ. ಒಳಮೈಯಲ್ಲಿ ಹೆಬ್ಬೆಟ್ಟಿನ ಗಾತ್ರದ ಒಂದು ಉಬ್ಬು. ರಾಜೇಶ್ವರಮ್ಮ ಇನ್ನೂ ಸಾರಿಸದ ಮೂಲೆಯಲ್ಲಿ ನೋಡಿದರೆ ಅದೇ ಗಾತ್ರದ ಕಿಂಡಿಯೊಂದು ಕಪ್ಪಗೆ ಬಾಯಿ ಬಿಟ್ಟುಕೊಂಡಿದೆ.

ದೇವರ ಮುಂದೆ ಉರಿಯುತ್ತಿದ್ದ ಊದುಬತ್ತಿ ತಂದು ಆ ಕಿಂಡಿಯ ಹತ್ತಿರ ಹಿಡಿದೆ. ಬತ್ತಿಯ ಹೊಗೆ ಸುಯ್ಯೆಂದು ಒಳಗೆ ಹೋಯಿತು. ಅವಳು ಸಾರಿಸಿದ ಕಡೆ ಹಿಡಿದೆ. ಹೊಗೆ ಗೋಡೆ ಮುಟ್ಟಿದಂತೆ ನಿಂತು ಮೇಲೆ ಹೋಯಿತು.

"ರಾಜೀ, ನೀನು ಮೂಗು ಮುಚ್ಕೊಂಡು ಎಷ್ಟು ಹೊತ್ತು ಇರ್ತೀಯೇ?"

ಅವಳು ಬತ್ತಿ ನೋಡಿದಳು, ಕಿಂಡಿ ನೋಡಿದಳು, ತನ್ನ ಕೈ ನೋಡಿಕೊಂಡಳು. "ಅಯ್ಯೋ ಶಿವನೇ," ಎಂದವಳೇ ಹಸಿ ಮಣ್ಣಿಗೆ ಬೆರಳು ಹಾಕಿದಳು. ಒಂದೊಂದೇ ಕಿಂಡಿ ಚುಚ್ಚುತ್ತ ಒಲೆಯ ಸುತ್ತ ಮಂಡಿಯ ಮೇಲೆ ಹರಿದಾಡಿದಳು. "ಕೆಳಗೆ ಉಸಿರು ಸಿಗದೆ ಲಾಳಿಕೆ ಕಡೆಯಿಂದ ಎಳ್ಕೊಳ್ತಿತ್ತು ಪಾಪ! ಗಾಳಿ ಅಲ್ಲಿಂದ ಬಂದ್ರೆ ಬೆಂಕಿನೂ ಅಲ್ಲಿಗೇ ಹೋಗದೆ ಇನ್ನೇನು ಮಾಡುತ್ತೆ! ನಾನೇನೋ ಚಂದಾಗಿ ಕಾಣ್ಲಿ ಅಂತ..."

"ಚಂದಾನೇ ಇತ್ತು ಬಿಡು. ಉಸಿರು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು."

ಕೊನೆಯ ಕಿಂಡಿ ತೆರೆಯಿತು. ಹೊಗೆ ತಿಳಿಯಾಯಿತು, ನೀಲಿ ಉರಿ ಎದ್ದಿತು. ರಾಜೇಶ್ವರಮ್ಮ ನನ್ನ ಕೈ ಹಿಡಿದಳು. "ಅವರಿಗೆ ಹೇಳ್ಬೇಡಿ ಅಕ್ಕಾ. ಸಾಯೋತನಕ ಆಡ್ಕೊಂಡು ನಗ್ತಾರೆ."

"ನನಗೇನು ಹುಚ್ಚಾ? ಅವನ ನಂಬಿಕೆ ಪೈಪಿನ ಮೇಲೆ ಕೂತಿದೆ. ಅಲ್ಲೇ ಇರ್ಲಿ."

ಮಣ್ಣಿನ ಚೂರುಗಳನ್ನು ಸೆರಗಿನಲ್ಲಿ ತುಂಬಿಕೊಂಡು ಅವಳು ಹಿತ್ತಲಿಗೆ ಓಡುವುದಕ್ಕೂ, ಮುಂಬಾಗಿಲಲ್ಲಿ "ಬಂದ್ವಿ ಬೀಗ್ರೇ!" ಎಂಬ ದನಿ ಕೇಳುವುದಕ್ಕೂ ಸರಿಹೋಯಿತು.

ವೀರಬಸಪ್ಪನವರು ನೀರು ಬೆಲ್ಲ ತೆಗೆದುಕೊಂಡವರೇ ಎದ್ದರು. "ಎಲ್ಲಿ, ಹುಡುಗಿನ್ನ ತೋರಸ್ರಿ." ಗಂಗಾಶ್ರೀ ಮಗುವನ್ನೆತ್ತಿಕೊಂಡು ಅಡುಗೆಮನೆಯ ಹೊಸಿಲ ಆಚೆಯೇ ನಿಂತಳು. ಸೆರಗು ಮೂಗಿನ ಮೇಲಿತ್ತು. ಅವಳ ಕಣ್ಣು ಒಲೆಯ ಮೇಲೆ, ಸಿದ್ಧಲಿಂಗೇಶನ ಕಣ್ಣು ಅವಳ ಮೇಲೆ. ತೋಟಪ್ಪ ಸತ್ತಂತೆ ಹಿಂದೆ ಹಿಂದೆ ಬಂದವನು ಉರಿ ಕಂಡು ಬಾಯಿ ತೆರೆದ, ತಕ್ಷಣ ಮುಚ್ಚಿದ, ಗಂಟಲು ಸರಿಮಾಡಿಕೊಂಡ.

ವೀರಬಸಪ್ಪನವರು ಹೆಗಲ ಮೇಲಿನ ಬಿಳಿ ವಸ್ತ್ರ ತೆಗೆದು ಲಾಳಿಕೆಯ ಬಾಯಿಗೆ ಹಿಡಿದರು. ಒಲೆಯ ಮೇಲಿಟ್ಟ ನೀರು ಕುದಿಯುವ ತನಕ ಹಾಗೇ ಹಿಡಿದು ನಿಂತರು. ಆಮೇಲೆ ಬೆಳಕಿಗೆ ತಂದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮಸಿಯ ಗುರುತಿಲ್ಲ. ಗಂಗಾಶ್ರೀ ಮೆಲ್ಲಗೆ ಸೆರಗು ಇಳಿಸಿ, ಒಂದು ಸಲ ಎದೆ ತುಂಬ ಉಸಿರೆಳೆದಳು. ಇನ್ನೊಂದು ಸಲ ಎಳೆದಳು. ಹೊಸಿಲು ದಾಟಿ ಒಳಗೆ ಬಂದು ಮಗುವನ್ನು ಮಾವನ ಕೈಗೆ ಕೊಟ್ಟಳು.

"ಹುಡುಗಿ ಒಪ್ಪಿಗಿ ಐತಿ ಬೀಗ್ರೇ," ಅಂದರು ವೀರಬಸಪ್ಪನವರು. "ಗುಟ್ಟು ಏನು ಹೇಳ್ರಲ್ಲ?"

"ಎಲ್ಲಾ ಪೈಪಲ್ಲಿದೆ," ಎಂದು ಶುರುಮಾಡಿದ ತೋಟಪ್ಪ. ಗೂಟದಿಂದ ತೆಗೆದು ಹೊದ್ದುಕೊಂಡ ಆ ಹೊಸ ಶಲ್ಯವನ್ನು ಮೊಮ್ಮಗ ಪೂರಾ ಒದ್ದೆ ಮಾಡಿದರೂ ಮಾತು ನಿಲ್ಲಿಸಲಿಲ್ಲ. ರಾಜೇಶ್ವರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನನ್ನ ಕಡೆ ನೋಡಲೇ ಇಲ್ಲ.

ಈಗಲೂ ಅವಳು ದಿನಾ ಒಲೆ ಸಾರಿಸುತ್ತಾಳೆ. ಮೊದಲು ಜೋಳದ ದಂಟಿನ ತುಂಡುಗಳನ್ನು ಕಿಂಡಿ ಕಿಂಡಿಗೂ ಸಿಗಿಸಿ, ಮೇಲೆ ಸಾರಿಸಿ, ಆಮೇಲೆ ದಂಟು ಕೀಳುತ್ತಾಳೆ. ಗಂಗಾಶ್ರೀ ಯಾಕೆಂದು ಕೇಳಿದ್ದಕ್ಕೆ "ಮೂಗುತಿ ಕಣೇ" ಅಂದಳಂತೆ.

ಯುಗಾದಿ ಕಳೆದ ಮೇಲೆ ವೀರಬಸಪ್ಪನವರೂ ಅಂಥದ್ದೇ ಒಲೆ ಮಾಡಿಸಿದರು. ಸ್ವಲ್ಪ ದಿನಕ್ಕೆ ಹೇಳಿಕಳಿಸಿದರು, ಹೆಂಡತಿ ದಿನಾ ಸಾರಿಸಿ ಚಂದಾಗಿ ಇಟ್ಟರೂ ಇಲ್ಲೂ ಹೊಗೆ, ಬೆಂಕಿ ಲಾಳಿಕೆಗೆ ಹತ್ತುತ್ತಿದೆ, ಪೈಪು ಬಲ್ಲ ಬೀಗರು ಬಂದು ಒಮ್ಮೆ ನೋಡಬೇಕು ಎಂದು. ತೋಟಪ್ಪ ಮದುಮಗನ ಹಾಗೆ ಸಿದ್ಧನಾಗಿ, ಪೈಪಿನ ಎರಡು ತುಂಡನ್ನು ಬಸ್ಸಿನ ಮೇಲೆ ಹಾಕಿಸಿದ. ಬಸ್ಸು ಹೊರಡುವ ಹೊತ್ತಿಗೆ ರಾಜೇಶ್ವರಮ್ಮ ಓಡಿಬಂದು ಕಿಟಕಿಯಲ್ಲಿ ಒಂದು ಸಣ್ಣ ಗಂಟು ಕೊಟ್ಟಳು.

"ಏನೇ ಇದು? ಜೋಳದ ದಂಟು?"

"ಬೀಗಿತ್ತಿ ಕೈಗೇ ಕೊಡಿ ರೀ. ನೀವು ಪೈಪು ಏರಿಸೋ ಮುಂಚೆ ಕೊಡಿ."